ಕರಿಯಪ್ಪ ಬಂದೂಕ ಆರಿಸಿದ ಬಗೆ

ಕೋತಿಗಳು ಒಂದೇ ಬೆಳಿಗ್ಗೆ ಬಾವಿಯ ಪಕ್ಕದ ಮೂರು ಮರಗಳ ಎಳನೀರು ಕಿತ್ತು, ಅರ್ಧ ಕುಡಿದು ಅರ್ಧ ಚೆಲ್ಲಿ, ಕೊನೆಗೆ ಒಂದು ಬುರುಡೆಯನ್ನು ಕರಿಯಪ್ಪನ ಹೆಗಲಿಗೆ ತಗಲೀ ತಗಲದ ಹಾಗೆ ಎಸೆದವು. ಎಳನೀರು ಹೋದದ್ದಕ್ಕೆ ಅವನಿಗೆ ಅಷ್ಟು ಬೇಸರವಾಗಲಿಲ್ಲ. ಎಸೆದ ಮೇಲೆ ಗಂಡುಕೋತಿಯೊಂದು ಗರಿಯ ಮೇಲೆ ಕೂತು, ಅವನನ್ನೇ ನೋಡುತ್ತ ನಿಧಾನವಾಗಿ ಹೊಟ್ಟೆ ಕೆರೆದುಕೊಂಡಿತಲ್ಲ, ಅದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

ತೋಟದಿಂದ ದಾಪುಗಾಲು ಹಾಕಿಕೊಂಡು ಬಂದವನೇ ಅಂಗಳದಲ್ಲಿ ನಿಂತು, "ಈ ಶನಿವಾರ ತಿಪಟೂರಿಗೆ ಹೋಗಿ ಏರ್‌ಗನ್ನು ತರ್ತೀನಿ" ಎಂದು ಸಾರಿದ.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಲಕ್ಷ್ಮಿದೇವಮ್ಮ ತಲೆ ಎತ್ತದೆ ಕೇಳಿದಳು. "ಯಾರಿಗೆ ಹೊಡಿಯಕ್ಕಪ್ಪ?"

"ಕೋತಿಗೆ ಕಣವ್ವ."

"ಆಂಜನೇಯಂಗಾ? ಹೊಡಿ ಹೊಡಿ. ನಿನ್ನ ಮಂಡಿ ನೋವಿಗೆ ಹರಸ್ಕಂಡು ಮೊನ್ನೆ ತಾನೆ ಅವನಿಗೆ ವಡೆ ಸರ ಹಾಕ್ಸಿ ಬಂದಿವ್ನಿ."

ಕರಿಯಪ್ಪ ಮಂಡಿ ಸವರಿಕೊಂಡ. "ಕೋತಿ ಬುಡು. ಅಳಿಲು ಹೊಡಿತೀನಿ. ತೆಂಗಿನ ಎಳೇ ಹರಳೆಲ್ಲ ತೂತು ಮಾಡಿ ಉದುರಿಸ್ತವೆ."

"ರಾಮದೇವ್ರು ಕೈಯಾರೆ ಬೆನ್ನು ಸವರಿದ ಪ್ರಾಣಿ."

"ಕಾಗೆ?"

"ನಿಮ್ಮಪ್ಪ ವರ್ಷಕ್ಕೊಂದ್ಸಲ ಎಡೆ ಉಣ್ಣಕ್ಕೆ ಯಾವ ರೂಪದಾಗೆ ಬತ್ತಾನೆ ಅಂದ್ಕಂಡಿದ್ದೀಯ?"

"ಅಟ್ಟದ ಮ್ಯಾಗಿನ ಇಲಿ?"

"ಗಣಪ್ಪ ಪಾಪ ನಡ್ಕಂಡು ಓಡಾಡ್ಲಿ, ಅಲ್ವಾ?"

"ಹಂದಿ!" ಎಂದ ಕರಿಯಪ್ಪ, ಗೆದ್ದವನ ಹಾಗೆ.

ಮುದುಕಿ ಹಂದಿಯ ಬಗ್ಗೆ ಯೋಚಿಸುವಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ತೋಟದ ಗಿಡ್ಡಯ್ಯ ಬಾಯಿ ಹಾಕಿದ. ಈ ಮನೆಯ ಯಾವ ಮಾತಿಗೂ ಅವನು ಬೇಲಿಯಾಚೆ ಹಾಜರಿರುತ್ತಿದ್ದ. "ಏರ್‌ಗನ್ನಾಗೆ ಹಂದಿಗೆ ಹೊಡುದ್ರೆ, ಯಾರೋ ಬೆನ್ನು ಕೆರೀತಾವ್ರೆ ಅಂದ್ಕಂಡು ಅದು ಇನ್ನೊಂಚೂರು ಹತ್ರ ಬತ್ತದೆ ಕಣ್ಲಾ ಕರಿಯ."

"ಯಾವುದಕ್ಕೂ ಹೊಡಿಯಲ್ಲ ಬುಡ್ರಪ್ಪ! ಬಂದೂಕ ನೋಡಿದ್ರೇನೇ ಕೋತಿ ಓಡ್ತವೆ. ಬಿಡುವಾದಾಗ ಗುರಿ ಹೊಡ್ಕಂಡು ಇರ್ತೀನಿ" ಎಂದು ಕರಿಯಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಒಳಗೆ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಅವನ ಹೆಂಡತಿ ಚಿಕ್ಕಗೌರಮ್ಮನ ಕೈ ನಿಂತಿತು. ಗುರಿ ಎನ್ನುವ ಮಾತು ಗಂಡನ ಬಾಯಿಂದ ತಾನಾಗಿಯೇ ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಮುದ್ದೆ ತಳ ಹತ್ತಿದ ವಾಸನೆ ಬರುವವರೆಗೂ ಹಾಗೆಯೇ ಕೂತಿದ್ದಳು.

ಅವಳ ಮಗಳು ವಿಮಲ ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಪಿಯುಸಿ ಓದುತ್ತಿದ್ದಳು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಳು. ಎನ್‌ಸಿಸಿ ಎಂದರೆ ಖಾಕಿ ಬಟ್ಟೆ ಹಾಕಿಕೊಂಡು ಎಡ ಬಲ ನಡೆಯುವುದು ಎಂದಷ್ಟೇ ಕರಿಯಪ್ಪನಿಗೆ ಗೊತ್ತಿತ್ತು. "ನಡೀಲಿ, ಮೈಗೊಳ್ಳೇದು" ಎಂದು ಒಪ್ಪಿದ್ದ. ಅಲ್ಲಿ ರೈಫಲ್ಲನ್ನೂ ಕೈಗೆ ಕೊಡುತ್ತಾರೆ, ಮೊದಲ ದಿನವೇ ವಿಮಲ ಹೊಡೆದ ಐದು ಗುಂಡೂ ಒಂದು ವೀಳ್ಯದೆಲೆಯಷ್ಟು ಜಾಗದಲ್ಲಿ ಬಿದ್ದವು, ತಿಂಗಳ ಕೊನೆಗೆ ತುಮಕೂರಿನಲ್ಲಿ ಗುರಿ ಹೊಡೆಯುವವರ ಮೂರು ದಿನದ ಆಯ್ಕೆಗೆ ಕಾಲೇಜಿನಿಂದ ಕಳಿಸುವುದು ಅವಳೊಬ್ಬಳನ್ನೇ ಎಂಬುದೆಲ್ಲ ತಾಯಿಗೆ ಮಾತ್ರ ತಿಳಿದಿತ್ತು. ಕಾಲೇಜಿನಲ್ಲಿ ಅಭ್ಯಾಸಕ್ಕೆ ಕೊಡುತ್ತಿದ್ದದ್ದು ವಾರಕ್ಕೆ ಐದೇ ಗುಂಡು. ಐದು ಗುಂಡಿನಲ್ಲಿ ಏನು ಕಲಿಯುವುದು? "ಮನೇಲಿ ಒಂದು ಒಳ್ಳೇ ಏರ್‌ಗನ್ ಇದ್ರೆ ಸಾಕಮ್ಮ" ಎಂದಿದ್ದರಂತೆ ಎನ್‌ಸಿಸಿ ಮೇಷ್ಟ್ರು.

ಇದನ್ನು ಗಂಡನಿಗೆ ಯಾವಾಗ, ಹೇಗೆ ಹೇಳುವುದೆಂದು ಚಿಕ್ಕಗೌರಮ್ಮ ಹದಿನೈದು ದಿನದಿಂದ ಕಾಯುತ್ತಿದ್ದಳು. ಕಾಯುವುದು ಅವಳಿಗೆ ಕಷ್ಟವಲ್ಲ. ಅನ್ನ ಬೇಯುವಾಗ ಪದೇ ಪದೇ ಮುಚ್ಚಳ ತೆಗೆಯುವ ಹೆಂಗಸಲ್ಲ ಅವಳು. ಆದರೆ ಈಗ ಬಂದೂಕ ತಾನಾಗಿಯೇ ಮನೆಗೆ ಬರುವಾಗ ಹೇಳಿ ಕೆಡಿಸುವುದೇಕೆ? ಮೊದಲು ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಸಂಜೆ ಬಸ್ಸಿಳಿದು ಬಂದ ವಿಮಲ ವಿಷಯ ಕೇಳಿ ಪುಸ್ತಕ ಎದೆಗವಚಿಕೊಂಡು ಒಂದು ಸುತ್ತು ತಿರುಗಿಬಿಟ್ಟಳು. "ಅವ್ವ, ದುರ್ಗಯ್ಯನ ಅಂಗಡೀಲಿ ಎರಡಿದಾವೆ. ನಾನೂ ನಮ್ಮ ಮೇಷ್ಟ್ರೂ ಹೋಗಿ ಎರಡರಲ್ಲೂ ಹೊಡ್ದು ನೋಡಿದೀವಿ. ಒಂದರ ಮೇಲೆ ದುರ್ಬೀನು ಇದೆ, ಮರದ ಮೇಲೆ ಜಿಂಕೆ ಕೆತ್ತಿದಾರೆ. ಅದು ಬೇಟೆದು. ಬಲ ಜಾಸ್ತಿ, ಆದ್ರೆ ಹೊಡೆದಾಗ ಒದೆಯುತ್ತೆ, ಒಂದೊಂದು ಗುಂಡು ಒಂದೊಂದು ಕಡೆ. ಇನ್ನೊಂದು ನೋಡಕ್ಕೆ ಏನೂ ಇಲ್ಲ, ಉದ್ದಕ್ಕೆ ಭಾರವಾಗಿದೆ. ಕಣ್ಣಿಡೋ ಕಡೆ ಸಣ್ಣ ತೂತಿನ ಬಿಲ್ಲೆ ಇದೆ. ಅದು ಗುರಿದು. ಅದೇ ಬೇಕು ಅವ್ವ. ಇನ್ನೊಂದು ತಂದ್ರೆ ತರದೇ ಇದ್ದ ಹಾಗೇ."

"ತೂತಿನ ಬಿಲ್ಲೆ" ಎಂದು ಚಿಕ್ಕಗೌರಮ್ಮ ಎರಡು ಸಲ ಹೇಳಿಕೊಂಡಳು. ಶನಿವಾರ, ಜರಡಿ ಕೊಳ್ಳಬೇಕೆಂಬ ನೆಪ ಹೇಳಿ ಗಂಡನ ಜೊತೆ ತಾನೂ ಬಸ್ಸು ಹತ್ತಿದಳು.

ದುರ್ಗಯ್ಯ ಸೈನ್ಯದಲ್ಲಿ ಇಪ್ಪತ್ತು ವರ್ಷ ಹವಾಲ್ದಾರನಾಗಿದ್ದು ಬಂದವನು. ಸೈಕಲ್ಲು, ಸ್ಟೌವು, ಬಂದೂಕ ಮೂರನ್ನೂ ಒಂದೇ ಗಾಂಭೀರ್ಯದಿಂದ ರಿಪೇರಿ ಮಾಡುತ್ತಿದ್ದ. ಸಕಲೇಶಪುರದ ಕಡೆಯ ಕಾಫಿ ತೋಟದ ಸಾಹುಕಾರರೊಬ್ಬರು ಊರು ಬಿಡುವಾಗ ಮಾರಿದ್ದ ಎರಡು ಜರ್ಮನಿ ಏರ್‌ಗನ್ನುಗಳನ್ನು ಅವನು ಬೆಂಚಿನ ಮೇಲೆ ಬಿಳಿ ಪಂಚೆ ಹಾಸಿ ಮಲಗಿಸಿದ.

"ಬೆಲೆ ಎರಡಕ್ಕೂ ಒಂದೇ ಯಜಮಾನ್ರೇ. ನಿಮಗೆ ಬೇಟೆಗೋ, ಗುರಿಗೋ?"

"ಬೇಟೆಗೇ. ಆದ್ರೆ ಯಾವುದಕ್ಕೂ ಹೊಡಿಯಂಗಿಲ್ಲ" ಎಂದ ಕರಿಯಪ್ಪ.

ದುರ್ಗಯ್ಯ ಅವನನ್ನು ಎರಡು ಕ್ಷಣ ನೋಡಿ, "ಹಂಗಾರೆ ಗುರಿದೇ ತಗಳಿ" ಎಂದು ಬಿಲ್ಲೆಯಿದ್ದ ಬಂದೂಕವನ್ನು ಮುಂದಕ್ಕೆ ಸರಿಸಿದ. "ಈ ಮಾಲು ಇನ್ನೊಂದು ಸಿಗಕ್ಕಿಲ್ಲ. ಕೂದಲು ಸೀಳ್ತದೆ. ನೋಡಿ, ಬುಡದಾಗೆ ಮುಚ್ಚಳ ಐತೆ. ಒಳಗೆ ಟೊಳ್ಳು, ಎಣ್ಣೆ ಶೀಸೆ, ಬ್ರಷ್ಷು ಇಡಕ್ಕೆ. ಇನ್ನೊಂದರಾಗೆ ದುರ್ಬೀನು ಚೆಂದ ಐತೆ ನಿಜ, ಆದ್ರೆ ನಾನಂತೂ ಶಿಫಾರಸು ಮಾಡಲ್ಲ."

ಚಿಕ್ಕಗೌರಮ್ಮನಿಗೆ ಅಷ್ಟಕ್ಕೇ ಕೆಲಸ ಕೆಟ್ಟಿತೆಂದು ಗೊತ್ತಾಯಿತು. ದುರ್ಗಯ್ಯ ಒಳ್ಳೆಯವನು, ಆದರೆ ಕೊಬ್ಬರಿ ಮಾರಿದವನಲ್ಲ. ಕರಿಯಪ್ಪ ಇಪ್ಪತ್ತೆರಡು ವರ್ಷದಿಂದ ಇದೇ ಊರಿನ ಮಂಡಿಗಳಿಗೆ ಕೊಬ್ಬರಿ ಹಾಕುತ್ತ ಬಂದಿದ್ದ. ಮಂಡಿಯವನು ಯಾವ ಚೀಲವನ್ನು ಹಳಿಯುತ್ತಾನೋ ಅದರ ಮೇಲೆಯೇ ಅವನ ಕಣ್ಣು ಎಂದು ಕಲಿತಿದ್ದ. ಹೊಗಳಿದ ಮಾಲನ್ನು ಅವನು ಜನ್ಮದಲ್ಲಿ ಕೊಂಡವನಲ್ಲ.

"ಓಹೋ" ಎಂದ ಕರಿಯಪ್ಪ. ಹುಬ್ಬು ಮೇಲಕ್ಕೆ ಹೋಯಿತು. ಬಿಲ್ಲೆಯ ಬಂದೂಕವನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

ದುರ್ಗಯ್ಯ ಗಾಬರಿಯಾದ. "ಏನ್ ಮಾಡ್ತಿದ್ದೀರಿ?"

ಏನು ಮಾಡುತ್ತಿದ್ದಾನೆಂದು ಚಿಕ್ಕಗೌರಮ್ಮನನ್ನು ಕೇಳಿದ್ದರೆ ಹೇಳುತ್ತಿದ್ದಳು. ಅವರ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು ಬಿಡುತ್ತಾರೆ. ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಒಳಗೊಳಗೇ ಗಿಟುಕಾಗಿ ಉಂಡೆ ಕಟ್ಟುತ್ತದೆ. ಆದದ್ದೋ ಇಲ್ಲವೋ ತಿಳಿಯಲು ಇರುವುದು ಒಂದೇ ದಾರಿ, ಕಿವಿಯ ಹತ್ತಿರ ಅಲ್ಲಾಡಿಸುವುದು. ಲೊಟಲೊಟ ಎಂದರೆ ಆಯಿತು, ಸುಮ್ಮನಿದ್ದರೆ ಇನ್ನೂ ಹಸಿ. ಆ ಕಿವಿಯಲ್ಲಿ ಕರಿಯಪ್ಪನನ್ನು ಮೀರಿಸುವವರು ಸುತ್ತ ಹತ್ತೂರಿನಲ್ಲಿ ಇರಲಿಲ್ಲ. ಅದೊಂದೇ ಕಾರಣಕ್ಕೆ ಅವನು ಗಡಿಯಾರ, ಲಾಟೀನು, ಹೊಲಿಗೆ ಮಿಷನ್ನು, ಕೊನೆಗೆ ಒಂದು ಸಲ ಹಾಲು ಕುಡಿಯುವ ಕರುವಿನ ಕೊರಳ ಗಂಟೆಯ ಜೊತೆ ಕರುವಿನ ತಲೆಯನ್ನೂ ಹಾಗೆಯೇ ಪರೀಕ್ಷಿಸಿದ್ದ.

ಗುರಿಯ ಬಂದೂಕ ತುಟಿ ಪಿಟಕ್ಕೆನ್ನಲಿಲ್ಲ. ಕರಿಯಪ್ಪ ಅದನ್ನು ಕೆಳಗಿಟ್ಟು ಜಿಂಕೆಯ ಬಂದೂಕ ಎತ್ತಿ ಅಲ್ಲಾಡಿಸಿದ. ಒಳಗೆಲ್ಲೋ ಲೊಟಲೊಟ ಎಂದಿತು.

ಅವನ ಮುಖ ಅರಳಿತು. "ಇದು ಆಗೈತೆ!"

"ಅದು ದುರ್ಬೀನಿನ ಸ್ಕ್ರೂ ಸಡಿಲ ಆಗಿರೋದು ಯಜಮಾನ್ರೇ! ದೋಷ ಅದು!"

"ದೋಷಾನಾ?" ಕರಿಯಪ್ಪ ಹೆಂಡತಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಕೇಳ್ದೇನೇ ಗೌರಿ, ಹೆಂಗೆ ಹಳೀತಾವ್ನೆ. ಮನೆಗೆ ಇಟ್ಕಳ್ಳಕ್ಕೆ ನೋಡ್ತಾವ್ನೆ. ಇದೇ ಕಟ್ಟು ದುರ್ಗಯ್ಯ."

ಚಿಕ್ಕಗೌರಮ್ಮನಿಗೆ ಮಗಳು ಪುಸ್ತಕ ಅವಚಿಕೊಂಡು ತಿರುಗಿದ್ದು ಕಣ್ಣ ಮುಂದೆ ಬಂತು. "ರೀ, ಬಾಯಾರ್ತು. ಎದುರಿನ ಹೋಟ್ಲಿಂದ ಒಂದು ಲೋಟ ನೀರು ತನ್ನಿ" ಎಂದಳು. ಅಂಗಡಿಯ ಮೂಲೆಯಲ್ಲೇ ಹೂಜಿ ಇತ್ತು. ಆದರೆ ಒಳ್ಳೆ ವ್ಯಾಪಾರ ಮಾಡಿದ ಗಂಡಸಿಗೆ ಆ ಹೊತ್ತಿನಲ್ಲಿ ಹೂಜಿ ಕಾಣುವುದಿಲ್ಲ. ಕರಿಯಪ್ಪ ಸಿಳ್ಳೆ ಹಾಕುತ್ತ ರಸ್ತೆ ದಾಟಿದ.

ಅವಳು ಸೊಂಟದ ಎಲೆಅಡಿಕೆ ಚೀಲದಿಂದ ಒಂದು ದುಂಡನೆಯ ಇಡೀ ಗೋಟಡಿಕೆ ತೆಗೆದಳು. ಗುರಿಯ ಬಂದೂಕದ ಬುಡದ ಮುಚ್ಚಳ ಸರಿಸಿ, ಟೊಳ್ಳಿನೊಳಗೆ ಅಡಿಕೆ ಹಾಕಿ, ಮುಚ್ಚಿ, ಸೆರಗು ಸರಿಮಾಡಿಕೊಂಡು ನಿಂತಳು. ದುರ್ಗಯ್ಯ ಎಲ್ಲವನ್ನೂ ನೋಡಿದ. ಆದರೆ ಇಪ್ಪತ್ತು ವರ್ಷ ಸೈನ್ಯದಲ್ಲಿದ್ದವನು ಯಾವುದನ್ನು ನೋಡಬಾರದು ಎಂಬುದನ್ನೂ ಕಲಿತಿದ್ದ. ಸೂರಿನಲ್ಲಿ ನೇತುಹಾಕಿದ್ದ ಸೈಕಲ್ ಟೈರುಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದ.

ನೀರು ಕುಡಿದು ಲೋಟ ಕೊಡುತ್ತ ಚಿಕ್ಕಗೌರಮ್ಮ, "ಇನ್ನೊಂದ್ಸಲ ಎರಡೂ ನೋಡ್ಬುಡಿ. ಬಸ್ಸಿನ್ನೂ ಹೊತ್ತೈತಲ್ಲ" ಎಂದಳು.

ಕರಿಯಪ್ಪ ಗುರಿಯ ಬಂದೂಕ ಎತ್ತಿ ಅಲ್ಲಾಡಿಸಿದ. ಲೊಟಕ್ ಲೊಟಕ್! ದುಂಡಗೆ, ತುಂಬಿಕೊಂಡು, ಪಕ್ಕಾ ಹತ್ತು ತಿಂಗಳ ಗಿಟುಕಿನ ಸದ್ದು. ಅವನು ಕಣ್ಣು ಮುಚ್ಚಿ ಮತ್ತೊಮ್ಮೆ ಕೇಳಿದ. "ಆಗ ಸರಿಯಾಗಿ ಹಿಡಿದಿರಲಿಲ್ಲ ಕಣೇ. ಇದು ಅದಕ್ಕಿಂತ ಮಾಗೈತೆ. ಇದನ್ನೇ ಕಟ್ಟು."

"ಎಂಟು ದಿನದೊಳಗೆ ಬೇಡ ಅನ್ನಿಸಿದ್ರೆ ತಂದು ಬದಲಾಯಿಸ್ಕಳಿ" ಎಂದ ದುರ್ಗಯ್ಯ, ಯಾರ ಮುಖವನ್ನೂ ನೋಡದೆ.

ಮನೆಗೆ ಬಂದ ಮೇಲೆ ಚಿಕ್ಕಗೌರಮ್ಮ ಮಾಡಿದ ಮೊದಲ ಕೆಲಸ, ಯಾರಿಗೂ ಕಾಣದಂತೆ ಅಡಿಕೆ ತೆಗೆದು ತಿಪ್ಪೆಗೆ ಎಸೆದದ್ದು. ಗಂಡನಿಗೆ ಮಾಡಿದ ಮೋಸ ಅದರೊಂದಿಗೆ ಹೋಯಿತು ಎಂದುಕೊಂಡಳು. ಅಷ್ಟು ಜಾಣೆಗೆ ಅಷ್ಟು ದೊಡ್ಡ ತಪ್ಪು ಹೇಗೆ ಹೊಳೆಯಲಿಲ್ಲವೋ!

ಭಾನುವಾರ ಬೆಳಿಗ್ಗೆ ಕರಿಯಪ್ಪ ಬಾವಿಕಟ್ಟೆಯ ಮೇಲೆ ಸುಲಿದ ತೆಂಗಿನಕಾಯಿಯೊಂದನ್ನು ಅದರ ಮೂರು ಕಣ್ಣು ತನ್ನ ಕಡೆ ಕಾಣುವಂತೆ ಇಟ್ಟು, ಇಪ್ಪತ್ತು ಹೆಜ್ಜೆ ಹಿಂದೆ ಬಂದು ನಿಂತ. ಗಿಡ್ಡಯ್ಯ ಬೇಲಿ ದಾಟಿ ಒಳಗೇ ಬಂದಿದ್ದ. ಲಕ್ಷ್ಮಿದೇವಮ್ಮ ಜಗಲಿಯಲ್ಲಿ, ಕೋತಿಗಳು ಮರದ ಮೇಲೆ. ಎಲ್ಲರೂ ಕಾದರು.

ಮೊದಲ ಗುಂಡು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಎರಡನೆಯದು ಹಗ್ಗದ ಮೇಲೆ ಒಣಗಲು ಹಾಕಿದ್ದ ಅವನದೇ ಪಟಾಪಟಿ ಚಡ್ಡಿಯನ್ನು ತೂರಿಕೊಂಡು ಹೋಯಿತು. ಮೂರನೆಯದು ಬಾವಿಯ ರಾಟೆಗೆ ತಗುಲಿ ಟಣ್ ಎಂದಿತು.

"ಸದ್ದು ಬಂತಲ್ಲ, ಇನ್ನೇನು ಹತ್ರ ಬಂತು" ಎಂದ ಗಿಡ್ಡಯ್ಯ. "ಕಾಯಿನೇ ಎತ್ಕಂಡು ಗುಂಡಿಗೆ ಅಡ್ಡ ಹಿಡೀಲೇನ್ಲಾ?"

ಹತ್ತು ಗುಂಡು ಮುಗಿದವು. ಕಾಯಿ ಇಟ್ಟಲ್ಲೇ ಕೂತು ಮೂರು ಕಣ್ಣಿನಿಂದ ನೋಡುತ್ತಿತ್ತು. ಕರಿಯಪ್ಪ ಬಂದೂಕವನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿದ. ಸದ್ದಿಲ್ಲ. ಜೋರಾಗಿ ಅಲ್ಲಾಡಿಸಿದ. ಸದ್ದಿಲ್ಲ.

"ಬದಲಾಯಿಸ್ಬುಟ್ಟ!" ಎಂದು ಕೂಗಿದ. "ಆ ದುರ್ಗಯ್ಯ ನಾನು ನೀರು ತರಕ್ಕೆ ಹೋದಾಗ ಏನೋ ಮಾಡ್ಬುಟ್ಟವ್ನೆ. ನಿನ್ನೆ ಗಿಟುಕಾಗಿದ್ದು ಇವತ್ತು ಹಸಿ ಆಗಕ್ಕಾಯ್ತದಾ? ನಾಳೆ ಮೊದಲ್ನೇ ಬಸ್ಸಿಗೆ ಹೋಗಿ ಅವನ ಮುಖಕ್ಕೆ ಎಸೆದು ಜಿಂಕೆದು ತರ್ತೀನಿ. ಸಂತೆ ಬೀದೀಲಿ ಅವನ ಮರ್ಯಾದೆ ತೆಗೀದೇ ಇದ್ರೆ ಕೇಳು."

ಬಾಗಿಲಲ್ಲಿ ನಿಂತಿದ್ದ ವಿಮಲ ತಾಯಿಯ ಮುಖ ನೋಡಿದಳು. ಆ ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಚಿಕ್ಕಗೌರಮ್ಮ ಇನ್ನೊಂದು ನೆಪ ಹುಡುಕುತ್ತಿದ್ದಳೋ ಏನೋ. ತಪ್ಪಿಲ್ಲದ ದುರ್ಗಯ್ಯನ ಮರ್ಯಾದೆ ಬೇರೆ ಬೀದಿಗೆ ಬೀಳಲು ನಿಂತಿತ್ತು. ಚಿಕ್ಕಗೌರಮ್ಮ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಅಂಗಳಕ್ಕೆ ಇಳಿದಳು.

"ದುರ್ಗಯ್ಯಂದು ಏನೂ ಇಲ್ಲ ಕಣ್ರೀ. ಅದರೊಳಗೆ ಗೋಟಡಿಕೆ ಹಾಕಿದ್ದು ನಾನು."

ಗಿಡ್ಡಯ್ಯನ ಬಾಯಿ ತೆರೆದುಕೊಂಡಿತು. ಅದರಿಂದ ಮಾತು ಬರದೇ ಇದ್ದದ್ದು ಅದೇ ಮೊದಲು.

ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಎನ್‌ಸಿಸಿ ರೈಫಲ್ಲು, ವಾರಕ್ಕೆ ಐದು ಗುಂಡು, ತುಮಕೂರು, ತೂತಿನ ಬಿಲ್ಲೆ. ಕರಿಯಪ್ಪ ಬಾವಿಕಟ್ಟೆಯ ಮೇಲೆ ಕಾಯಿಯ ಪಕ್ಕದಲ್ಲಿ ಕುಸಿದು ಕೂತ. ಬೈಯುತ್ತಾನೆಂದು ಅವಳು ಕಾದಳು. ಅವನು ಬಂದೂಕವನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದ.

"ಇಪ್ಪತ್ತೆರಡು ವರ್ಷದಾಗೆ ಅಟ್ಟದ ಮ್ಯಾಗೆ ಒಂದು ಕಾಯಿ ತಪ್ಪಿಲ್ಲ ನಂಗೆ. ನೀನು ಒಂದು ಅಡಿಕೆ ಹಾಕಿ ನನ್ನ ಕಿವಿನೇ ಸುಳ್ಳು ಮಾಡ್ಬುಟ್ಟೆಯಲ್ಲೇ."

"ತಪ್ಪಾಯ್ತು ಕಣ್ರೀ. ಹೇಳಿದ್ರೆ ನೀವು ಬ್ಯಾಡ ಅಂತಿದ್ರಿ ಅಂತ…"

"ಕೇಳ್ದೇನೇ ಬ್ಯಾಡ ಅಂತೀನಿ ಅಂತ ಹೆಂಗೆ ಗೊತ್ತಾಯ್ತು ನಿಂಗೆ?"

ಅವಳು ಮನೆಯವರೆಲ್ಲರ ಮನಸ್ಸು ತನಗೆ ಗೊತ್ತು ಎಂದೇ ಇಷ್ಟು ವರ್ಷ ನಡೆದು ಬಂದಿದ್ದಳು.

ಲಕ್ಷ್ಮಿದೇವಮ್ಮ ಜಗಲಿಯಿಂದ ಕೂಗಿದಳು. "ಅದಿರ್ಲಿ, ಆ ಕೂಸು ಹೊಡಿತದೋ ಇಲ್ವೋ ನೋಡ್ರೋ ಮೊದ್ಲು!"

ಕರಿಯಪ್ಪ ಎದ್ದು ಮಗಳ ಕೈಗೆ ಬಂದೂಕ ಕೊಟ್ಟ. ವಿಮಲ ಅಲ್ಲೇ ಇದ್ದ ಗೋಣಿಚೀಲವನ್ನು ಹಾಸಿ ಅದರ ಮೇಲೆ ಬೋರಲು ಮಲಗಿದಳು.

"ಯಾಕೇ ಮಲಗ್ತೀಯ? ಸುಸ್ತಾಯ್ತಾ?" ಎಂದಳು ಅಜ್ಜಿ.

"ಹೊಡಿಯೋದು ಹಿಂಗೇ ಅಜ್ಜಿ. ಎಲ್ರೂ ಒಂಚೂರು ಸುಮ್ನಿರಿ."

ಎಲ್ಲರೂ ಸುಮ್ಮನಾದರು. ವಿಮಲ ಒಂದು ಉಸಿರು ಎಳೆದು, ಅರ್ಧ ಬಿಟ್ಟು, ಉಳಿದದ್ದನ್ನು ಹಿಡಿದಳು. ಚಿಕ್ಕಗೌರಮ್ಮನೂ ಅದರ ಜೊತೆಗೇ ಹಿಡಿದಳು. ಟಪ್ ಎಂದಿತು. ಕಾಯಿ ಅಲ್ಲಾಡಲಿಲ್ಲ, ಬೀಳಲಿಲ್ಲ. "ಇದೂ ಹೋಯ್ತು" ಎಂದು ಗಿಡ್ಡಯ್ಯ ಬಾಯಿ ತೆರೆಯುವಷ್ಟರಲ್ಲಿ ಕಾಯಿಯಿಂದ ಬಾವಿಕಟ್ಟೆಯ ಮೇಲೆ ಸಣ್ಣಗೆ, ಸದ್ದಿಲ್ಲದೆ ನೀರು ಇಳಿಯತೊಡಗಿತು.

ತೆಂಗಿನಕಾಯಿಯ ಮೂರು ಕಣ್ಣಿನಲ್ಲಿ ಮೆತ್ತಗಿರುವುದು ಒಂದೇ. ಗುಂಡು ಅದನ್ನೇ ಹುಡುಕಿಕೊಂಡು ಒಳಗೆ ಹೋಗಿತ್ತು.

"ಗಾಳಿಗೆ ಆಗಿರ್ತದೆ" ಎಂದ ಗಿಡ್ಡಯ್ಯ.

ಕರಿಯಪ್ಪ ಒಳಗೆ ಹೋಗಿ ಇನ್ನೊಂದು ಕಾಯಿ ತಂದಿಟ್ಟ. ಟಪ್. ಅದೂ ಅತ್ತಿತು. ಮೂರನೆಯದನ್ನು ಗಿಡ್ಡಯ್ಯನೇ ತನ್ನ ತೋಟದಿಂದ ತಂದು, ಸುಲಿದು, ತಾನೇ ಇಟ್ಟು, ಬಹಳ ದೂರ ಓಡಿಹೋಗಿ ನಿಂತ. ಅದೂ ಅತ್ತಿತು. ಲಕ್ಷ್ಮಿದೇವಮ್ಮ ಕಾಯಿ ನೀರು ಪೋಲಾಗುತ್ತದೆಂದು ಚೊಂಬು ಹಿಡಿದುಕೊಂಡು ಬಂದು ಬಾವಿಕಟ್ಟೆಯ ಕೆಳಗೇ ಕೂತಳು. ಅವಳನ್ನು ಅಲ್ಲಿಂದ ಎಬ್ಬಿಸುವುದೇ ಒಂದು ಕೆಲಸವಾಯಿತು.

ಕರಿಯಪ್ಪ ಮೂರು ಕಾಯಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದರ ತೂತಿನೊಳಗೂ ಕಿರುಬೆರಳಿಟ್ಟು ನೋಡಿದ. ಆಮೇಲೆ ತಲೆ ತಿರುಗಿಸದೆ ಕೇಳಿದ. "ತುಮಕೂರಾಗೆ ಮೂರು ದಿನ ಊಟಕ್ಕೇನು?"

"ಅವರೇ ಹಾಕ್ತಾರಪ್ಪ" ಎಂದಳು ವಿಮಲ, ಮಲಗಿದಲ್ಲಿಂದಲೇ.

"ಮುದ್ದೆ ಹಾಕ್ತಾರಾ?"

"ಗೊತ್ತಿಲ್ಲ."

"ನಾಳೆ ಮೇಷ್ಟ್ರನ್ನ ಕೇಳ್ಕಂಡು ಬಾ. ಹಾಕ್ದೇ ಇದ್ರೆ ನಿಮ್ಮವ್ವ ರೊಟ್ಟಿ ಕಟ್ಟಿಕೊಡ್ತಾಳೆ. ಅನ್ನ ತಿಂದ್ರೆ ಕೈ ನಡುಗ್ತದೆ."

ಚಿಕ್ಕಗೌರಮ್ಮ ಈ ಸಲ ಊಹಿಸಲು ಹೋಗಲಿಲ್ಲ. "ಹಂಗಂದ್ರೆ ಕಳಿಸ್ತೀರಾ?" ಎಂದು ಬಾಯಿ ಬಿಟ್ಟೇ ಕೇಳಿದಳು.

"ಕೇಳಿದ್ಯಲ್ಲ, ಈಗ ಹೇಳ್ತೀನಿ. ಕಳಿಸ್ತೀನಿ" ಎಂದ ಕರಿಯಪ್ಪ. "ಎಷ್ಟು ಹುಡ್ಗೀರು ಬತ್ತಾರೆ ಮಗ ಅಲ್ಲಿಗೆ?"

"ನಲವತ್ತು."

"ಎಲ್ಲಾ ಹಿಂಗೇ ಮಲಗೇ ಹೊಡಿಯೋದಾ?"

"ಹೂಂ ಅಪ್ಪ."

ಅವನು ಎದ್ದು ಒಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ, ನೆಂಟರು ಬಂದರೆ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತಿದ್ದ ಪಟ್ಟೆ ಪಟ್ಟೆಯ ಹೊಸ ಜಮಖಾನ ಇತ್ತು. "ಏಳು ಮಗ. ಗೋಣಿ ಮ್ಯಾಗೆ ಮೊಣಕೈ ತರಚ್ತದೆ. ದಿನಾ ಹೊತ್ತಾರೆ, ಸಂಜೆ ಇದರ ಮ್ಯಾಗೆ ಮಲಗಿ ಹೊಡಿ."

"ಅಯ್ಯೋ, ಮಣ್ಣಾಗ್ತದೆ ಕಣ್ರೀ!" ಎಂದಳು ಚಿಕ್ಕಗೌರಮ್ಮ.

"ಆದ್ರೆ ಆಗ್ಲಿ. ನಾನು ಒಗೀತೀನಿ ಬುಡು."

ಮದುವೆಯಾದಾಗಿನಿಂದ ಅವನು ಒಂದು ಕರ್ಚೀಫನ್ನೂ ಒಗೆದವನಲ್ಲ. ಅದನ್ನು ಹೇಳಬೇಕೆಂದು ಚಿಕ್ಕಗೌರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಹೇಳದೆ, ಜಮಖಾನದ ಇನ್ನೊಂದು ತುದಿ ಹಿಡಿದು ಅಂಗಳದಲ್ಲಿ ಗಂಡನ ಜೊತೆ ನೆಟ್ಟಗೆ ಹಾಸಿದಳು.